ಎಫ್‌ಡಿಬಿ ಫೈಲಿನೊಳಗಿದ್ದ ಅತ್ತೆ

ದೀಪಾವಳಿ ಮುಗಿದ ವಾರ ಊರಿನಿಂದ ಅಣ್ಣನ ಫೋನ್ ಬಂತು. ಅಣ್ಣ ಅಂದರೆ ದೊಡ್ಡಪ್ಪನ ಮಗ. ಇಂಡಿ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಉಳಿದಿರುವವನು ಅವನೊಬ್ಬನೇ. ಉಳಿದ ನಾವೆಲ್ಲ ಪುಣೆ, ಬೆಂಗಳೂರು, ಹೈದರಾಬಾದ್ ಅಂತ ಚದುರಿದ್ದೇವೆ.

‘ತಮ್ಮಾ, ಹೊಲದ ಉತಾರ ಇನ್ನೂ ಅಜ್ಜನ ಹೆಸರಿನ ಮ್ಯಾಲೇ ಐತಿ. ಪೌತಿ ಖಾತೆ ಮಾಡಸಬೇಕು. ವಂಶವೃಕ್ಷ ಬರಕೊಂಡ ಬಾ ಅಂದಾರ. ಅಪ್ಪಾ ಕಂಪ್ಯೂಟರಿನಾಗ ಎಲ್ಲಾ ಬರದಿಟ್ಟಿದ್ದ. ಆ ಫೈಲ್ ತಗೀಲಿಕ್ಕೆ ಬರವಲ್ದು. ನೀ ಕಂಪ್ಯೂಟರಿನವ, ನೋಡು.’

ಕಂಪ್ಯೂಟರಿನವನು ಎಂಬ ಪದವಿ ನಮ್ಮ ಊರುಗಳಲ್ಲಿ ಬಹಳ ವಿಶಾಲವಾದದ್ದು. ಪ್ರಿಂಟರಿಗೆ ಇಂಕು ತುಂಬುವುದರಿಂದ ಹಿಡಿದು ರೇಷನ್ ಕಾರ್ಡಿಗೆ ಆಧಾರ್ ಜೋಡಿಸುವವರೆಗೆ ಎಲ್ಲವೂ ಅದರೊಳಗೆ ಬರುತ್ತದೆ. ನಾನು ಹಿಂಜೆವಾಡಿಯಲ್ಲಿ ಕೂತು ಯಾವುದೋ ವಿದೇಶಿ ವಿಮಾ ಕಂಪನಿಯ ಡೇಟಾಬೇಸ್ ನೋಡಿಕೊಳ್ಳುವವನು. ಕಳಿಸು ನೋಡೋಣ ಅಂದೆ. ಹತ್ತು ನಿಮಿಷದಲ್ಲಿ ವಾಟ್ಸಾಪಿನಲ್ಲಿ ಒಂದು ಫೈಲು ಬಂತು. ‘ವಂಶಾವಳಿ’ ಎಂದು ಹೆಸರು, ಕೊನೆಗೆ ಚುಕ್ಕಿ ಇಟ್ಟು ಎಫ್‌ಡಿಬಿ.

ಈ ದೊಡ್ಡಪ್ಪನ ಬಗ್ಗೆ ಒಂದೆರಡು ಮಾತು ಹೇಳಬೇಕು. ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದರು. 2009ರಲ್ಲಿ ನಿವೃತ್ತಿಯಾದಾಗ ಬಂದ ದುಡ್ಡಿನಲ್ಲಿ ಒಂದು ಕಂಪ್ಯೂಟರ್ ಕೊಂಡರು. ನಾನು ರಜೆಗೆ ಹೋದಾಗ ಇಂಟರ್‌ನೆಟ್ಟಿನಿಂದ ಉಚಿತವಾಗಿ ಸಿಗುವ ಒಂದು ವಂಶವೃಕ್ಷದ ಸಾಫ್ಟ್‌ವೇರ್ ಹಾಕಿಕೊಟ್ಟಿದ್ದೆನಂತೆ. ನನಗೆ ನೆನಪೇ ಇಲ್ಲ. ಅವರು ಮಾತ್ರ ಅದನ್ನು ಬಿಡಲಿಲ್ಲ. ಮದುವೆ, ಮುಂಜಿ, ತಿಥಿ ಎಲ್ಲಿಗೆ ಹೋದರೂ ಕಿಸೆಯಲ್ಲಿ ಒಂದು ಸಣ್ಣ ನೋಟ್‌ಬುಕ್. ನಮ್ಮ ಮನೆತನದ ಹೆಳವರು ಬಂದಾಗ ಅವರನ್ನು ಎರಡು ದಿನ ಉಳಿಸಿಕೊಂಡು, ಅವರ ಪುಸ್ತಕದಲ್ಲಿದ್ದ ಹೆಸರುಗಳನ್ನೆಲ್ಲ ಬರೆದುಕೊಂಡರು. ನಗರದಲ್ಲೇ ಹುಟ್ಟಿ ಬೆಳೆದ ಓದುಗರಿಗೆ ಹೆಳವರು ಗೊತ್ತಿರಲಿಕ್ಕಿಲ್ಲ. ಸುಗ್ಗಿಯ ಹೊತ್ತಿಗೆ ಊರೂರಿಗೆ ಬಂದು, ಒಂದೊಂದು ಮನೆತನದ ತಲೆಮಾರುಗಳನ್ನು ರಾಗವಾಗಿ ಹೇಳಿ, ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಂಡು, ಕಾಳು, ಬಟ್ಟೆ, ಕಾಣಿಕೆ ಪಡೆದು ಹೋಗುವ ಸಮುದಾಯ. ಹಿಂದೆ ಎತ್ತಿನ ಮೇಲೆ ಕೂತು, ಕಾಲು ಮುಚ್ಚಿಕೊಂಡು, ಗಂಟೆ ಬಾರಿಸುತ್ತ ಬರುತ್ತಿದ್ದರು. ಹೆಳವ ಅಂದರೆ ಕಾಲಿಲ್ಲದವನು ಎಂಬ ಅರ್ಥವೂ ಅದಕ್ಕೆ ಹೊಂದುತ್ತದೆ. ಅವರ ಪುಸ್ತಕ ತೆರೆಯಲು ಯಾವ ಸಾಫ್ಟ್‌ವೇರೂ ಬೇಕಿರಲಿಲ್ಲ, ಅವರೇ ಬೇಕಿತ್ತು.

ದೊಡ್ಡಪ್ಪ 2022ರಲ್ಲಿ ತೀರಿಕೊಂಡರು. ನೋಟ್‌ಬುಕ್ಕುಗಳು ಮಳೆಗೆ ನೆನೆದು ಹೋದವು. ಉಳಿದದ್ದು ಈ ಫೈಲು.

ಡಬಲ್ ಕ್ಲಿಕ್ ಮಾಡಿದೆ. ನನ್ನ ಲ್ಯಾಪ್‌ಟಾಪಿನಲ್ಲಿ ಅದಕ್ಕೆ ಆಗಲೇ ಒಂದು ಡೇಟಾಬೇಸ್ ಉಪಕರಣದ ಚಿತ್ರ ಅಂಟಿಕೊಂಡಿತ್ತು. ಫೈರ್‌ಬರ್ಡ್ ಎಂಬ ಡೇಟಾಬೇಸ್ ಇದೆ. 2000ನೇ ಇಸವಿಯಲ್ಲಿ ಬೋರ್ಲ್ಯಾಂಡ್ ಕಂಪನಿ ತನ್ನ ಇಂಟರ್‌ಬೇಸ್‌ನ ಮೂಲ ಕೋಡನ್ನು ಬಹಿರಂಗ ಮಾಡಿದಾಗ ಅದರಿಂದ ಕವಲೊಡೆದದ್ದು. ಅದರ ಫೈಲುಗಳಿಗೂ ಎಫ್‌ಡಿಬಿ ಎಂದೇ ಬಾಲ. ಹಳೆಯ ಕೆಲಸವೊಂದಕ್ಕೆ ನಾನು ಅದರ ಉಪಕರಣ ಹಾಕಿಕೊಂಡಿದ್ದೆ. ಅದು ತೆರೆದುಕೊಂಡಿತು, ‘ಇದು ಸರಿಯಾದ ಡೇಟಾಬೇಸ್ ಅಲ್ಲ’ ಎಂದಿತು. ನಾನು ಕೂಡಲೇ ಅಣ್ಣನಿಗೆ, ‘ಇದು ದೊಡ್ಡಪ್ಪನ ವಂಶಾವಳಿ ಅಲ್ಲ ಅನಸ್ತದ, ಯಾವುದೋ ಲೆಕ್ಕದ ಸಾಫ್ಟ್‌ವೇರಿಂದು’ ಎಂದು ಮೆಸೇಜ್ ಹಾಕಿ ಮಲಗಿದೆ. ಹದಿನೈದು ವರ್ಷದ ಅನುಭವ ಇರುವ ಡೇಟಾಬೇಸಿನವನ ತೀರ್ಪು ಇದು. ಪೂರ್ತಿ ತಪ್ಪು.

ನಾನು ಮಾಡಿದ ತಪ್ಪು ನಮ್ಮಲ್ಲಿ ಬಹಳ ಜನ ಮಾಡುವಂಥದ್ದೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ವಿಂಡೋಸ್‌ಗೆ ಫೈಲಿನ ಒಳಗೆ ಏನಿದೆ ಎಂಬುದು ಗೊತ್ತಿರುವುದಿಲ್ಲ. ಅದು ನೋಡುವುದು ಹೆಸರಿನ ಬಾಲವನ್ನು ಮಾತ್ರ, ಅಂದರೆ ಕೊನೆಯ ಚುಕ್ಕಿಯ ಆಚೆಗಿನ ಅಕ್ಷರಗಳನ್ನು. ಡಾಸ್ ಕಾಲದಲ್ಲಿ ಹೆಸರಿಗೆ ಎಂಟು ಅಕ್ಷರ, ಬಾಲಕ್ಕೆ ಮೂರು. ಆ ಮೂರಕ್ಷರದ ಅಭ್ಯಾಸ ಇನ್ನೂ ಬಿಟ್ಟಿಲ್ಲ. ಬಾಲ ನೋಡಿದ ವಿಂಡೋಸ್ ತನ್ನ ರಿಜಿಸ್ಟ್ರಿ ಎಂಬ ದಫ್ತರದಲ್ಲಿ ಹುಡುಕುತ್ತದೆ: ಈ ಬಾಲದವರು ಯಾವ ಮನೆಯವರು? ಅಲ್ಲಿ ಒಂದು ಒಳಹೆಸರು ಸಿಗುತ್ತದೆ. ಆ ಒಳಹೆಸರಿನ ಕೆಳಗೆ ಮೂರು ಸಂಗತಿ ಬರೆದಿರುತ್ತದೆ: ‘ಟೈಪ್’ ಕಾಲಮ್ಮಿನಲ್ಲಿ ಏನೆಂದು ತೋರಿಸಬೇಕು, ಯಾವ ಚಿತ್ರ ಹಾಕಬೇಕು, ಡಬಲ್ ಕ್ಲಿಕ್ ಮಾಡಿದರೆ ಯಾವ ಪ್ರೋಗ್ರಾಂ ಕರೆಯಬೇಕು. ಇವನ್ನೆಲ್ಲ ಬರೆದಿಟ್ಟವರು ಯಾರು? ನೀವು ಹಾಕಿಕೊಂಡ ಪ್ರೋಗ್ರಾಮೇ, ಇನ್‌ಸ್ಟಾಲ್ ಆಗುವಾಗ. ದಫ್ತರದಲ್ಲಿ ಏನೂ ಬರೆದಿಲ್ಲದಿದ್ದರೆ ವಿಂಡೋಸ್ ಬಾಲವನ್ನೇ ದೊಡ್ಡಕ್ಷರದಲ್ಲಿ ಬರೆದು ಪಕ್ಕದಲ್ಲಿ ‘ಫೈಲ್’ ಎಂದು ಸೇರಿಸುತ್ತದೆ. ಎಫ್‌ಡಿಬಿ ಫೈಲ್. ಜಿಇಡಿ ಫೈಲ್. ಯಾರೋ ಅಪರಿಚಿತ ಬಾಗಿಲಿಗೆ ಬಂದಾಗ ‘ಯಾರೋ ಒಬ್ಬರು ಬಂದಾರ’ ಅಂದಹಾಗೆ.

ಮೂರಕ್ಷರದ ಬಾಲಗಳನ್ನು ಹಂಚುವ ತಾಲ್ಲೂಕು ಕಚೇರಿ ಲೋಕದಲ್ಲಿ ಎಲ್ಲೂ ಇಲ್ಲ. ಬೇಕಾದವರು ಬೇಕಾದ್ದನ್ನು ಇಟ್ಟುಕೊಳ್ಳಬಹುದು. ಹಾಗಾಗಿಯೇ ಫೈರ್‌ಬರ್ಡಿನ ಎಫ್‌ಡಿಬಿ ಮತ್ತು ಲೆಗಸಿ ಫ್ಯಾಮಿಲಿ ಟ್ರೀ ಎಂಬ ವಂಶವೃಕ್ಷದ ಸಾಫ್ಟ್‌ವೇರಿನ ಎಫ್‌ಡಿಬಿ ಒಂದೇ ಬಾಲ ಹೊತ್ತು ಓಡಾಡುತ್ತಿವೆ. ಇದು ಆಕಸ್ಮಿಕ ಅನ್ನೋಣವೆಂದರೆ, ಫೈರ್‌ಬರ್ಡಿನ ಬ್ಯಾಕಪ್ ಫೈಲಿಗೆ ರೂಢಿಯಲ್ಲಿರುವ ಬಾಲ ಎಫ್‌ಬಿಕೆ. ಫ್ಯಾಮಿಲಿ ಟ್ರೀ ಮೇಕರ್ ಎಂಬ ಇನ್ನೊಂದು ಹಳೆಯ ವಂಶವೃಕ್ಷದ ಸಾಫ್ಟ್‌ವೇರ್ ತನ್ನ ಬ್ಯಾಕಪ್ಪಿಗೆ ಇಟ್ಟುಕೊಂಡಿದ್ದೂ ಎಫ್‌ಬಿಕೆ! ಒಂದೇ ಡೇಟಾಬೇಸಿಗೆ ವಂಶವೃಕ್ಷದವರ ಜೊತೆ ಎರಡೆರಡು ಸಲ ಹೆಸರಿನ ಜಗಳ. ಪರ್ಸನಲ್ ಆನ್ಸೆಸ್ಟ್ರಲ್ ಫೈಲ್ ಎಂಬುದರ ಬಾಲ ಪಿಎಎಫ್. ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡು ಓಡಾಡುವ ಪೋರ್ಟಬಲ್ ಆಪ್ಸ್‌ನವರ ಫೈಲುಗಳ ಹೆಸರಿನಲ್ಲೂ ಅದೇ ಪಿಎಎಫ್ ಬರುತ್ತದೆ. ನಮ್ಮ ಕಡೆ ಒಂದೇ ಊರಲ್ಲಿ ಆರು ಮನೆ ಪಾಟೀಲರು ಇದ್ದಹಾಗೆ. ಅಡ್ಡಹೆಸರು ಕೇಳಿ ಸಂಬಂಧ ಹೇಳಲಾಗದು.

ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತ ಅಣ್ಣನ ಉತ್ತರ ನೋಡಿದೆ. ‘ಇಲ್ಲೋ, ಅದ ಫೈಲು. ಅಪ್ಪಾ ತಗದಾಗ ಒಂದು ಗಿಡದ ಚಿತ್ರ ಬರತಿತ್ತು.’

ಗಿಡದ ಚಿತ್ರ. ಆಗ ತಲೆಗೆ ಹೊಳೆಯಿತು. ಫೈಲನ್ನು ಹೆಕ್ಸ್ ಎಡಿಟರಿನಲ್ಲಿ ತೆರೆದೆ, ಅಂದರೆ ಒಳಗಿನ ಬೈಟುಗಳನ್ನು ಇದ್ದ ಹಾಗೇ ತೋರಿಸುವ ಪ್ರೋಗ್ರಾಮಿನಲ್ಲಿ. ಬಾಲ ಸುಳ್ಳು ಹೇಳಬಹುದು, ತಲೆ ಸಾಮಾನ್ಯವಾಗಿ ಹೇಳುವುದಿಲ್ಲ. ಝಿಪ್ ಫೈಲುಗಳೆಲ್ಲ ‘ಪಿಕೆ’ ಎಂಬ ಎರಡಕ್ಷರದಿಂದ ಶುರುವಾಗುತ್ತವೆ, ಅದನ್ನು ಕಂಡುಹಿಡಿದ ಫಿಲ್ ಕಾಟ್ಜ್‌ನ ಇನಿಶಿಯಲ್. ಎಸ್‌ಕ್ಯೂಲೈಟ್ ಡೇಟಾಬೇಸು ತನ್ನ ಹೆಸರನ್ನೇ ಮೊದಲ ಸಾಲಿನಲ್ಲಿ ಬರೆದುಕೊಂಡಿರುತ್ತದೆ. ಲಿನಕ್ಸಿನಲ್ಲಿ ‘ಫೈಲ್’ ಎಂಬ ಕಮಾಂಡ್ ಮಾಡುವುದೂ ಇದನ್ನೇ: ಹೆಸರು ನೋಡುವುದಿಲ್ಲ, ಮುಖ ನೋಡುತ್ತದೆ. ನಮ್ಮ ಫೈಲಿನ ಮುಖದಲ್ಲಿ ಕಂಡದ್ದು ‘ಸ್ಟ್ಯಾಂಡರ್ಡ್ ಜೆಟ್ ಡಿಬಿ’. ಜೆಟ್ ಎಂದರೆ ಮೈಕ್ರೋಸಾಫ್ಟ್ ಆ್ಯಕ್ಸೆಸ್‌ನ ಒಳಗಿನ ಎಂಜಿನ್. ಲೆಗಸಿಯ ಎಫ್‌ಡಿಬಿ ಒಳಗೆ ಇರುವುದು ಅದೇ. ದೊಡ್ಡಪ್ಪನ ಫೈಲೇ ಇದು, ಸಂಶಯವಿಲ್ಲ.

ಖುಷಿ ಅರ್ಧ ನಿಮಿಷ ಇತ್ತು. ಜೆಟ್ ಫೈಲಿನಲ್ಲಿ ಆ ಅಕ್ಷರಗಳು ಐದನೇ ಬೈಟಿನಿಂದ ಶುರುವಾಗಬೇಕು. ಇಲ್ಲಿ ಏಳನೆಯದರಿಂದ ಶುರುವಾಗಿದ್ದವು. ಎಲ್ಲಕ್ಕಿಂತ ಮುಂದೆ ಇರಬಾರದ ಎರಡು ಬೈಟು ಇದ್ದವು: 0ಡಿ, 0ಎ. ಅವೆರಡೂ ಜೊತೆಯಾಗಿ ಬಂದರೆ ಎಂಟರ್ ಕೀ ಒತ್ತಿದ ಗುರುತು. ಸಾಲದ್ದಕ್ಕೆ ಸೊನ್ನೆ ಇರಬೇಕಾದ ಜಾಗದಲ್ಲೆಲ್ಲ 20 ಇತ್ತು. ಅದು ಸ್ಪೇಸ್‌ನ ಸಂಖ್ಯೆ. ಹಳೆಯ ನೋಟ್‌ಪ್ಯಾಡಿಗೆ ಸೊನ್ನೆ ಬೈಟು ಕಂಡರೆ ಅದನ್ನು ಖಾಲಿ ಜಾಗವೆಂದುಕೊಳ್ಳುತ್ತದೆ, ಉಳಿಸುವಾಗ ಖಾಲಿ ಜಾಗವನ್ನೇ ಬರೆಯುತ್ತದೆ.

ಅಣ್ಣನಿಗೆ ಫೋನ್ ಮಾಡಿದೆ. ‘ಇದನ್ನ ಯಾರಾರ ನೋಟ್‌ಪ್ಯಾಡಿನಾಗ ತಗದಿದ್ರೇನು?’

ಆ ಕಡೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಮ್ಮ ಹುಡುಗ ತಗದು ನೋಡ್ಯಾನ. ಏನೇನೋ ಗುಬ್ಬಿ ಕಾಲು ಕಂಡವಂತ. ಮುಚ್ಚೂ ಮುಂದ ಸೇವ್ ಮಾಡ್ಲೇನು ಅಂತ ಕೇಳತಂತ. ಹೂಂ ಅಂದಾನ’ ಅಂದ.

ಹುಡುಗನಿಗೆ ಬೈಯಲು ನನಗೆ ಮನಸ್ಸಿಲ್ಲ. ಅವನು ಮಾಡಿದ್ದು ವಿಂಡೋಸ್ ಕೇಳಿದ ಪ್ರಶ್ನೆಗಳಿಗೆಲ್ಲ ವಿನಯದಿಂದ ಹೂಂ ಅಂದದ್ದಷ್ಟೇ. ಹಳೆಯ ಕಂಪ್ಯೂಟರ್ ಕೆಟ್ಟು, ಅವನಿಗೆಂದು ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಂದಿದ್ದರು. ಅದರಲ್ಲಿ ಲೆಗಸಿ ಇರಲಿಲ್ಲ. ದಫ್ತರದಲ್ಲಿ ಎಫ್‌ಡಿಬಿಯ ದಾಖಲೆಯೂ ಇರಲಿಲ್ಲ. ‘ಈ ಫೈಲನ್ನು ಯಾವುದರಲ್ಲಿ ತೆರೆಯಲಿ?’ ಎಂದು ಒಂದು ಪಟ್ಟಿ ಬಂತು. ಪಟ್ಟಿಯಲ್ಲಿ ಅವನಿಗೆ ಪರಿಚಯವಿದ್ದದ್ದು ನೋಟ್‌ಪ್ಯಾಡ್. ಕೆಳಗಿನ ‘ಯಾವಾಗಲೂ ಇದರಲ್ಲೇ ತೆರೆ’ ಎಂಬ ಚೌಕಕ್ಕೂ ಟಿಕ್ ಹಾಕಿದ್ದ. ಅಲ್ಲಿಂದ ಮುಂದೆ ಎಲ್ಲ ಎಫ್‌ಡಿಬಿಗಳಿಗೂ ನೋಟ್‌ಪ್ಯಾಡಿನ ಚಿತ್ರ ಬಂತು. ಆದರೆ ಟೈಪ್ ಕಾಲಮ್ಮಿನಲ್ಲಿ ಹೆಸರು ಮಾತ್ರ ‘ಎಫ್‌ಡಿಬಿ ಫೈಲ್’ ಎಂದೇ ಉಳಿಯಿತು. ಹೆಸರು ಬರುವುದು ಒಂದು ಕಡೆಯಿಂದ, ನೀವು ಮಾಡಿದ ಆಯ್ಕೆ ಉಳಿಯುವುದು ಇನ್ನೊಂದು ಕಡೆ. ಚಿತ್ರ ನೋಡಿ ‘ಓಹೋ ಇದು ಟೆಕ್ಸ್ಟ್ ಫೈಲು’ ಅಂದುಕೊಳ್ಳುವ ಮುಂದಿನ ಮನುಷ್ಯನಿಗೆ ಇದು ಗುಂಡಿ. ವಿಂಡೋಸ್ 8ರ ನಂತರ ಆ ಆಯ್ಕೆಗೆ ಒಂದು ಗುಟ್ಟಿನ ಮುದ್ರೆಯೂ ಇರುತ್ತದೆ, ಬೇರೆ ಪ್ರೋಗ್ರಾಮುಗಳು ಕದ್ದು ಬದಲಾಯಿಸದಿರಲಿ ಎಂದು. ಹಾಗಾಗಿ ಆಮೇಲೆ ಲೆಗಸಿ ಹಾಕಿದರೂ ಅದು ತಾನಾಗಿ ಸರಿಹೋಗಬೇಕೆಂದಿಲ್ಲ. ಸೆಟ್ಟಿಂಗ್ಸ್‌ನ ಡೀಫಾಲ್ಟ್ ಆಪ್ಸ್‌ಗೆ ಹೋಗಿ ನಾವೇ ತಿದ್ದಬೇಕು.

‘ಮೂಲ ಫೈಲ್ ಎಲ್ಲಿಂದ ತಗೊಂಡ ಅಂವಾ?’ ಎಂದು ಕೇಳಿದೆ.

‘ಅಪ್ಪನ ಪೆನ್‌ಡ್ರೈವ್ ಐತಿ. ಅದರಾಗ ಹಳದಿ ಫೋಲ್ಡರ್ ಅದಾವು, ಚೈನ್ ಹಚ್ಚಿದ್ದು.’

ಚೈನು ಹಚ್ಚಿದ ಹಳದಿ ಫೋಲ್ಡರು! ಝಿಪ್. ಈ ವಿವರ ಕೇಳಿ ನನಗೆ ಉಸಿರು ಬಂತು. ಲೆಗಸಿಯ ಬ್ಯಾಕಪ್ ಒಂದು ಝಿಪ್ ಫೈಲೇ. ವಿಂಡೋಸ್ ಅದನ್ನು ಕರೆಯುವುದು ‘ಕಂಪ್ರೆಸ್ಡ್ ಫೋಲ್ಡರ್’ ಎಂದು. ಬ್ಯಾಕಪ್ ಎಂಬ ಮಾತು ಎಲ್ಲೂ ಬರುವುದಿಲ್ಲ. ಫೋಲ್ಡರ್ ಅಂದ ಮೇಲೆ ಯಾರಾದರೂ ತೆರೆದು ಒಳಗಿನದನ್ನು ಹೊರಗೆ ಎಳೆಯುತ್ತಾರೆ. ಹುಡುಗ ಅದನ್ನೇ ಮಾಡಿದ್ದ. ಆದರೆ ಹೊರಗೆಳೆದದ್ದು ಪ್ರತಿ. ಕೆಟ್ಟದ್ದು ಪ್ರತಿ. ಝಿಪ್ಪಿನೊಳಗಿನದು ಹಾಗೇ ಇರಬೇಕು.

ಪೆನ್‌ಡ್ರೈವನ್ನು ಮುಟ್ಟಬೇಡ, ಯಾವುದಕ್ಕೂ ಚುಚ್ಚಬೇಡ, ಕಾಗದದಲ್ಲಿ ಸುತ್ತಿ ಕಳಿಸು ಅಂದೆ. ಮಗಳನ್ನು ನೋಡಲು ಪುಣೆಗೆ ಹೊರಟಿದ್ದ ನಮ್ಮೂರಿನ ಹಿರಿಯರೊಬ್ಬರ ಕೈಯಲ್ಲಿ ಶನಿವಾರ ಅದು ಸ್ವಾರಗೇಟಿಗೆ ಬಂತು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅದರ ಮಧ್ಯೆ ಪ್ಲಾಸ್ಟಿಕ್ ಚೀಲದಲ್ಲಿ ಪೆನ್‌ಡ್ರೈವ್.

ಒಳಗೆ ಒಂಬತ್ತು ಝಿಪ್ಪುಗಳಿದ್ದವು. ಪ್ರತಿಯೊಂದರ ಹೆಸರಿನಲ್ಲೂ ತಾರೀಖು. ಕೊನೆಯದು 2019ರದು. ಝಿಪ್ಪಿನ ಒಂದು ಒಳ್ಳೆಯ ಗುಣ, ಒಳಗಿನ ಪ್ರತಿ ಫೈಲಿಗೂ ಒಂದು ತಾಳೆ ಸಂಖ್ಯೆ ಬರೆದಿಟ್ಟುಕೊಂಡಿರುತ್ತದೆ. ಒಂದು ಬೈಟು ಆಚೀಚೆಯಾದರೂ ತಿಳಿಯುತ್ತದೆ. ಪರೀಕ್ಷೆ ಮಾಡಿದೆ. ಎಲ್ಲ ಒಂಬತ್ತೂ ಸರಿಯಾಗಿದ್ದವು. ಕೆಟ್ಟ ಪ್ರತಿಗೂ ಮೂಲಕ್ಕೂ ಗಾತ್ರದಲ್ಲಿದ್ದ ವ್ಯತ್ಯಾಸ ಸರಿಯಾಗಿ ಎರಡು ಬೈಟು, ಹುಡುಗನ ಆ ಒಂದು ಎಂಟರ್. ಲೆಗಸಿಯನ್ನು ಇಳಿಸಿಕೊಂಡೆ. ಡಬಲ್ ಕ್ಲಿಕ್ಕಿನ ತಂಟೆಗೆ ಹೋಗದೆ ಪ್ರೋಗ್ರಾಂ ತೆರೆದು, ಅದರ ಮೆನುವಿನೊಳಗಿನ ರಿಸ್ಟೋರ್ ಒತ್ತಿದೆ. ಗಿಡದ ಚಿತ್ರ ಬಂತು. ಏಳು ತಲೆಮಾರು, ನಾನೂರಕ್ಕೂ ಹೆಚ್ಚು ಹೆಸರು.

ಮೊದಲು ಮಾಡಿದ ಕೆಲಸ, ಎಲ್ಲವನ್ನೂ ಗೆಡ್‌ಕಾಮ್ ರೂಪಕ್ಕೆ ಇಳಿಸಿದ್ದು. ವಂಶವೃಕ್ಷದ ಸಾಫ್ಟ್‌ವೇರುಗಳು ತಮ್ಮತಮ್ಮಲ್ಲಿ ಮಾಹಿತಿ ಬದಲಾಯಿಸಿಕೊಳ್ಳಲು ಇರುವ ಒಪ್ಪಂದದ ಭಾಷೆ ಅದು. 1984ರಲ್ಲಿ ಅಮೆರಿಕದ ಮಾರ್ಮನ್ ಚರ್ಚಿನವರು ಮಾಡಿದ್ದು. ಪೂರ್ವಜರ ಹೆಸರು ಹುಡುಕುವುದು ಅವರಿಗೆ ಧರ್ಮಕಾರ್ಯ. ಹರಿದ್ವಾರದ ಪಂಡರ ವಹಿಗಳನ್ನೂ ಬಿಡದೆ ಮೈಕ್ರೋಫಿಲ್ಮ್ ಮಾಡಿಕೊಂಡಿದ್ದಾರೆ. 1999ರಲ್ಲಿ ಕರಡಾಗಿ ಬಂದ ಅದರ 5.5.1 ಆವೃತ್ತಿ ಅಧಿಕೃತವಾದದ್ದು 2019ರಲ್ಲಿ. ಇಪ್ಪತ್ತು ವರ್ಷ ಎಲ್ಲರೂ ಕರಡನ್ನೇ ಬಳಸಿದರು! 2021ರಲ್ಲಿ 7.0 ಬಂತು. ಇದರ ಚಂದ ಏನೆಂದರೆ, ಗೆಡ್ ಫೈಲು ಬರೀ ಅಕ್ಷರ. ಟೈಪ್ ಕಾಲಮ್ಮಿನಲ್ಲಿ ‘ಜಿಇಡಿ ಫೈಲ್’ ಎಂಬ ಅನಾಥ ಹೆಸರೇ ಬರಲಿ, ನೋಟ್‌ಪ್ಯಾಡಿನಲ್ಲಿ ತೆರೆದರೆ ಓದಬಹುದು. ಗಂಡ, ಹೆಂಡತಿ, ಮಗು ಎಂಬ ಗುರುತುಗಳ ಮುಂದೆ ಸಾಲುಸಾಲಾಗಿ ಹೆಸರು. ಅಡ್ಡಹೆಸರಿನ ಆಚೀಚೆ ಒಂದೊಂದು ಓರೆಗೆರೆ. ಜಾತಿ ಬರೆಯಲೂ ಒಂದು ಗುರುತು ಇಟ್ಟಿದ್ದಾರೆ, ಗೋತ್ರಕ್ಕೆ ಇಲ್ಲ. ಸೋದರಮಾವನನ್ನೇ ಮದುವೆಯಾದ ನಮ್ಮ ಕಡೆಯ ಹೆಣ್ಣುಮಕ್ಕಳು ಚಾರ್ಟಿನಲ್ಲಿ ಎರಡೆರಡು ಸಲ ಕಾಣಿಸಿಕೊಂಡು ಸಾಫ್ಟ್‌ವೇರಿಗೆ ತಲೆಸುತ್ತು ಬರಿಸುತ್ತಾರೆ, ಅದು ಬೇರೆ ಕಥೆ.

ಅಣ್ಣನಿಗೆ ಬೇಕಾಗಿದ್ದುದು ಅಜ್ಜನಿಂದ ಕೆಳಗಿನ ಕೊಂಬೆ. ಅವನು ಕೈಯಲ್ಲಿ ಬರೆದ ಕರಡನ್ನು ಆಗಲೇ ಫೋಟೋ ತೆಗೆದು ಕಳಿಸಿದ್ದ. ಅಜ್ಜ, 1998ರಲ್ಲಿ ಮರಣ. ಕೆಳಗೆ ಎರಡು ಗೀಟು. ಒಂದು ದೊಡ್ಡಪ್ಪ, ಇನ್ನೊಂದು ನನ್ನ ಅಪ್ಪ. ಫೈಲಿನಲ್ಲಿ ಇದ್ದದ್ದು ಮೂರು. ಎಲ್ಲರಿಗಿಂತ ಮೊದಲು ಒಬ್ಬಳು ಮಗಳು. ಹುಟ್ಟಿದ್ದು 1948, ಸತ್ತದ್ದು 1979. ಸೋಲಾಪುರಕ್ಕೆ ಕೊಟ್ಟಿದ್ದು. ಮಕ್ಕಳ ಜಾಗ ಖಾಲಿ.

ಅಪ್ಪನಿಗೊಬ್ಬ ಅಕ್ಕ ಇದ್ದಳೆಂದು ನನಗೆ ಮಸುಕಾಗಿ ಗೊತ್ತಿತ್ತು. ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಖಾಲಿ ಜಾಗ ನೋಡಿ ಮಕ್ಕಳಿಲ್ಲದೆ ತೀರಿಕೊಂಡಳು ಅಂದುಕೊಂಡು ಮುಂದೆ ಹೋಗುತ್ತಿದ್ದೆ. ಅವಳ ಹೆಸರಿನ ಮೂಲೆಯಲ್ಲಿ ಟಿಪ್ಪಣಿಯ ಗುರುತು ಇತ್ತು. ತೆರೆದರೆ ಒಳಗೆ ಕಸ. ತಲೆಯ ಮೇಲೆ ಗೀಟು, ಚುಕ್ಕಿ, ಟೋಪಿ ಹೊತ್ತ ಇಂಗ್ಲಿಷ್ ಅಕ್ಷರಗಳು. ಫೈಲು ಕೆಟ್ಟಿದೆಯೇನೋ ಅಂದುಕೊಂಡೆ. ಆದರೆ ಆ ಕಸದ ನಡುವೆ ಹತ್ತು ಅಂಕಿಗಳು ಸಾಲಾಗಿ, ಸ್ವಚ್ಛವಾಗಿ ಕೂತಿದ್ದವು. ಒಂಬತ್ತರಿಂದ ಶುರುವಾಗುವ ಮೊಬೈಲ್ ನಂಬರು.

ದೊಡ್ಡಪ್ಪ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆದಿದ್ದರು. ಮನಸ್ಸಿನ ಮಾತನ್ನು ಕನ್ನಡದಲ್ಲಿ ಬರೆದಿದ್ದರು. ಕನ್ನಡ ಯೂನಿಕೋಡಿಗೆ ಬಂದು, ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಅಕ್ಷರ ಬಂದು ವರ್ಷಗಳಾಗಿದ್ದರೂ, ಆ ಕಾಲದ ಮಾಸ್ತರರು, ಡಿಟಿಪಿಯವರು ಕಲಿತದ್ದು ಬೇರೆ ದಾರಿ. ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಆಕಾರ ಕೂರಿಸಿದ ಫಾಂಟುಗಳು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಕಸ. ಒಬ್ಬೊಬ್ಬರದು ಒಂದೊಂದು ಕೂರಿಸುವ ಕ್ರಮ. ಇದರಲ್ಲಿ ನಮ್ಮ ಪುಣೆಯ ಪಾಲು ದೊಡ್ಡದು. ಸಿಡ್ಯಾಕ್ 1988ರಲ್ಲಿ ಶುರುವಾದದ್ದು ಇಲ್ಲೇ, ಭಾರತೀಯ ಭಾಷೆಗಳ ಜಿಸ್ಟ್ ತಂತ್ರಜ್ಞಾನ ಬೆಳೆದದ್ದು ಇಲ್ಲೇ. ಕನ್ನಡದ ಎಷ್ಟೋ ಪುಸ್ತಕ, ಪತ್ರಿಕೆಗಳ ಪುಟ ಕಟ್ಟಿದ ಶ್ರೀಲಿಪಿಯನ್ನು ಮಾಡಿದ ಮಾಡ್ಯುಲರ್ ಇನ್ಫೋಟೆಕ್ ಕೂಡ ಪುಣೆಯದು. ಪುಣೆಯ ಅಭಿಮಾನದಿಂದ ಮೊದಲು ಶ್ರೀಲಿಪಿ ಎಂದುಕೊಂಡು ಪರಿವರ್ತಿಸಿದೆ, ಅರ್ಥವಿಲ್ಲದ ಕನ್ನಡ ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ ಎಂದುಕೊಂಡು ಯೂನಿಕೋಡಿಗೆ ಇಳಿಸಿದೆ. ಅರ್ಕಾವೊತ್ತು ಒಂದೆರಡು ಕಡೆ ಜಾರಿದ್ದು ಬಿಟ್ಟರೆ ಎಲ್ಲ ಸರಿಯಾಗಿ ಕಂಡಿತು.

ಅದರಲ್ಲಿ ಇದ್ದದ್ದು ಇಷ್ಟು. ಅಕ್ಕನಿಗೆ ಒಬ್ಬಳು ಮಗಳು, ಹುಟ್ಟಿದ್ದು 1972. ಅಕ್ಕ ಹೋದ ಮೇಲೆ ಮಾವ ಬೇರೆ ಮದುವೆಯಾದರು, ಹೋಗಿಬರುವುದು ನಿಂತಿತು. ಅಪ್ಪ ಒಂದು ಸಲವೂ ಕರೆಸಲಿಲ್ಲ. 2011ರಲ್ಲಿ ಸೋಲಾಪುರದ ಒಂದು ಮದುವೆಯಲ್ಲಿ ಹುಡುಗಿ ತಾನೇ ಬಂದು ಮಾತಾಡಿಸಿದಳು. ಈಗ ಪುಣೆಯ ಹಡಪಸರದಲ್ಲಿ ಇದ್ದಾಳೆ. ಮುಂದೆ ಆ ನಂಬರು.

ನಾನು 2012ರಿಂದ ಪುಣೆಯಲ್ಲಿದ್ದೇನೆ.

ಅವ್ವನಿಗೆ ಫೋನ್ ಮಾಡಿ ಕೇಳಿದೆ. ‘ಹೌದಪ್ಪಾ, ಸಣ್ಣ ಕೂಸು ಇತ್ತು. ನಾ ಈ ಮನಿಗೆ ಬರೂಕಿಂತ ಮೊದಲಿನ ಮಾತು. ನಿಮ್ಮಪ್ಪಾ ಒಂದೆರಡು ಸಲ ಕಣ್ಣಾಗ ನೀರು ತಂದಿದ್ರು. ಅಜ್ಜನ ಮುಂದ ಮಾತಾಡು ಧೈರ್ಯ ಯಾರಿಗಿತ್ತು?’ ಅಂದಳು. ನಾನು ಆಕೆಯನ್ನು ಏನೆಂದು ಕರೆಯಬೇಕು ಎಂದೆ. ‘ವಯಸ್ಸಿಗೆ ದೊಡ್ಡಾಕಿ, ಅಕ್ಕಾ ಅನ್ನು.’

ಅಣ್ಣನಿಗೆ ಹೇಳುವುದು ಕಷ್ಟವಾಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಮೊದಲನೇ ವರ್ಗದ ವಾರಸುದಾರರ ಪಟ್ಟಿಯಲ್ಲಿ, ತಂದೆಗಿಂತ ಮೊದಲೇ ತೀರಿಕೊಂಡ ಮಗಳ ಮಗಳೂ ಇದ್ದಾಳೆ. ಅಜ್ಜ ಉಯಿಲು ಬರೆದವರಲ್ಲ. ವಂಶವೃಕ್ಷಕ್ಕೆ ಪ್ರಮಾಣಪತ್ರ ಮಾಡುವಾಗ ಬೇರೆ ವಾರಸುದಾರರು ಇಲ್ಲ ಎಂದು ಸಹಿ ಮಾಡಬೇಕು. ಇಲ್ಲವೆಂದು ಈಗ ನಾವು ಹೇಗೆ ಬರೆಯುವುದು? ಇದೆಲ್ಲ ಹೇಳಿದೆ. ಅಣ್ಣ ಬಹಳ ಹೊತ್ತು ಸುಮ್ಮನಿದ್ದ. ಹೊಲದಲ್ಲಿ ಎತ್ತಿನ ಗಂಟೆಯೋ ಏನೋ ಕೇಳುತ್ತಿತ್ತು.

‘ಆ ಫೈಲ್ ತಗೀಲಿಕ್ಕೆ ಬರಲಿಲ್ಲ ಅಂದಿದ್ರ?’ ಅಂದ ಕೊನೆಗೆ.

‘ಈಗ ತಗದೀನಲ್ಲೋ ಅಣ್ಣಾ.’

‘ಹೂಂ. ದೊಡ್ಡ ಮಾತು ಐತಿ. ವಿಚಾರ ಮಾಡೂಣು.’

ಆ ನಂಬರು ಇನ್ನೂ ಚಾಲ್ತಿಯಲ್ಲಿತ್ತು. ಫೋನ್ ಎತ್ತಿದವರು ಮರಾಠಿಯಲ್ಲಿ ‘ಕೋಣ?’ ಅಂದರು. ನಾನು ಊರಿನ ಹೆಸರು, ಅಜ್ಜನ ಹೆಸರು, ದೊಡ್ಡಪ್ಪನ ಹೆಸರು ಹೇಳಿದೆ. ದೊಡ್ಡಪ್ಪನ ಹೆಸರಿಗೆ ಆ ಕಡೆ ಕನ್ನಡ ಬಂತು. ಸೋಲಾಪುರದ ಕನ್ನಡ. ‘ಮಾಮಾ ಆರಾಮ ಅದಾರೇನು?’ ತೀರಿಕೊಂಡದ್ದು ಅವರಿಗೆ ಗೊತ್ತಿರಲಿಲ್ಲ.

ಭಾನುವಾರ ವಾಕಡದಿಂದ ಹಡಪಸರಕ್ಕೆ ಹೋದೆ. ಪುಣೆಯಲ್ಲಿ ಈ ತುದಿಯಿಂದ ಆ ತುದಿಗೆ ಹೋಗುವುದು ಊರಿಗೆ ಹೋದಷ್ಟೇ. ಎರಡು ಕೋಣೆಯ ಮನೆ, ಗಂಡ ನಿವೃತ್ತರು, ಮಗ ಕೆಲಸಕ್ಕೆ ಹೋಗಿದ್ದ. ಲ್ಯಾಪ್‌ಟಾಪ್ ತೆರೆದು ಇಡೀ ಗಿಡವನ್ನು ತೋರಿಸಿದೆ. ನನ್ನ ಹೆಸರು ಎಲ್ಲಿದೆ, ಅವರ ಅವ್ವನ ಹೆಸರು ಎಲ್ಲಿದೆ, ಎರಡರ ನಡುವೆ ಎಷ್ಟು ಗೀಟು. ಅಲ್ಲೇ ಕೂತು ಖಾಲಿ ಇದ್ದ ಜಾಗದಲ್ಲಿ ಅವರ ಹೆಸರು ಸೇರಿಸಿದೆ. ಗಂಡನ ಹೆಸರು, ಮಗನ ಹೆಸರು ಹೇಳಿದರು. ಅವರ ಹೆಸರನ್ನು ದೊಡ್ಡಪ್ಪ ತಪ್ಪಾಗಿ ಬರೆದಿದ್ದರು, ಅದನ್ನೂ ತಿದ್ದಿಸಿದರು.

ಹೊಲದ ಮಾತು ನಾನೇ ಎತ್ತಿದೆ. ಎತ್ತದಿದ್ದರೆ ಬಂದದ್ದಕ್ಕೆ ಅರ್ಥವಿರಲಿಲ್ಲ. ಅವರು ತಟ್ಟೆಯಲ್ಲಿ ಚುರಮುರಿ ಹಾಕುತ್ತ, ‘ಅದು ಆಮ್ಯಾಲ. ನನ್ನ ಮಗನ್ನೂ ಕೇಳಬೇಕು’ ಅಂದರು. ಬೇಕು ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ‘ಇದರಾಗ ಅವ್ವನ ಫೋಟೋ ಐತೇನು?’ ಎಂದು ಕೇಳಿದರು. ಅವರ ಹತ್ತಿರ ಒಂದೂ ಇರಲಿಲ್ಲ.

ಅತ್ತೆಯ ಹೆಸರಿನ ಪಕ್ಕ ಕ್ಯಾಮೆರಾದ ಗುರುತು ಇತ್ತು. ಅವರ ಎದುರಿಗೇ ಒತ್ತಿದೆ. ಖಾಲಿ ಚೌಕ ಬಂತು. ಕೆಳಗೆ ಒಂದು ಸಾಲು: ಡಿ ಡ್ರೈವ್, ಅದರೊಳಗೆ ‘ಹಳೆ ಫೋಟೋ’ ಎಂಬ ಫೋಲ್ಡರ್, ಅದರೊಳಗೆ ಅತ್ತೆಯ ಹೆಸರಿನ ಒಂದು ಜೆಪಿಜಿ. ಇಂಥ ಸಾಫ್ಟ್‌ವೇರುಗಳು ಫೋಟೋವನ್ನು ತಮ್ಮೊಳಗೆ ಇಟ್ಟುಕೊಳ್ಳುವುದಿಲ್ಲ, ಅದು ಎಲ್ಲಿದೆ ಎಂಬ ವಿಳಾಸವನ್ನು ಮಾತ್ರ ಇಟ್ಟುಕೊಳ್ಳುತ್ತವೆ. ಲೆಗಸಿಯಲ್ಲಿ ಫೋಟೋಗಳ ಬ್ಯಾಕಪ್ಪಿಗೆ ಬೇರೆಯೇ ಒಂದು ಆಯ್ಕೆ ಇದೆ, ದೊಡ್ಡಪ್ಪನಿಗೆ ಅದ್ಯಾರು ಹೇಳಿರುತ್ತಾರೆ? ಗೆಡ್ ಫೈಲಿನ ಹಳೆಯ ಆವೃತ್ತಿಯಲ್ಲೂ ಇದೇ ಪಾಡು. 7.0ರಲ್ಲಿ ಫೋಟೋ ಸಮೇತ ಕಟ್ಟಿಡುವ ಗೆಡ್‌ಝಿಪ್ ಎಂಬುದನ್ನು ತಂದಿದ್ದಾರೆ. ಗ್ರ್ಯಾಂಪ್ಸ್ ಎಂಬ ಮುಕ್ತ ಸಾಫ್ಟ್‌ವೇರಿನಲ್ಲಿ ಜಿಪಿಕೆಜಿ ಎಂಬ ಗಂಟು ಇದೆ, ಅದರೊಳಗೆ ಚಿತ್ರಗಳೂ ಹೋಗುತ್ತವೆ. ನಮ್ಮ ಗಿಡವನ್ನು ಈಗ ಅದಕ್ಕೆ ಸಾಗಿಸುತ್ತಿದ್ದೇನೆ.

ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತೇ ಅಣ್ಣನಿಗೆ ಫೋನ್ ಮಾಡಿದೆ. ‘ದೊಡ್ಡಪ್ಪನ ಹಳೇ ಕಂಪ್ಯೂಟರ್ ಏನಾತು? ಗುಜರಿಗೆ ಹಾಕಿದ್ರೇನು?’

‘ಇಲ್ಲಪ್ಪಾ, ಅಟ್ಟದ ಮ್ಯಾಲ ಐತಿ. ಹತ್ತಿ ಚೀಲದ ಹಿಂದ. ಯಾಕ?’

ಹಾರ್ಡ್‌ಡಿಸ್ಕ್ ಹೇಗೆ ಬಿಚ್ಚುವುದೆಂದು ಹುಡುಗನಿಗೆ ವಿಡಿಯೋ ಕಾಲಿನಲ್ಲಿ ತೋರಿಸಿದೆ. ನಾಲ್ಕು ಸ್ಕ್ರೂ, ಎರಡು ಕೇಬಲ್. ಈ ಸಲ ಯಾವುದನ್ನೂ ತೆರೆದು ನೋಡುವುದಿಲ್ಲ ಕಾಕಾ ಎಂದು ಅವನೇ ಹೇಳಿದ. ಮೂರು ಗೀಟಿನ ಹೊಸ ವಂಶವೃಕ್ಷವನ್ನು ಪ್ರಿಂಟ್ ಮಾಡಿ ಅಣ್ಣನಿಗೆ ಕಳಿಸಿದ್ದೇನೆ. ಇನ್ನೂ ಸಹಿ ಮಾಡಿಲ್ಲ. ಹರಿದೂ ಹಾಕಿಲ್ಲ. ಹಾರ್ಡ್‌ಡಿಸ್ಕ್ ಬರುವ ಶನಿವಾರದ ಬಸ್ಸಿಗೆ ಹೊರಡುತ್ತದೆ. ಸ್ವಾರಗೇಟಿಗೆ ನಾನೂ ಬರುತ್ತೇನೆ ಎಂದು ಅಕ್ಕ ಹೇಳಿದ್ದಾರೆ.